ಬಾಡಿಗೆಗೆ ಚೆಕ್ ಬರೆಯೋ ದೇಶಕ್ಕೆ ಹೊರಟಿದ್ದೀವಿ: ಹೊರಗಿನ ಬ್ಯಾಂಕಿಂಗ್ ನಿಜವಾಗ್ಲೂ ನಮಗಿಂತ ಹಿಂದಾ?

ಕಾವೇರಿ_ತೀರ (ಮೈಸೂರು)

ಎಲ್ಲರಿಗೂ ನಮಸ್ಕಾರ. ನಮ್ಮೆಜಮಾನ್ರಿಗೆ ನ್ಯೂಜೆರ್ಸಿಗೆ ವರ್ಗ ಆಗಿದೆ, ನಾನೂ ಜೊತೆಗೆ ಹೊರಟಿದ್ದೀನಿ. ಅಲ್ಲಿರೋ ಅವರ ಸಹೋದ್ಯೋಗಿ ಫೋನಲ್ಲಿ ಹೇಳಿದ ಮೊದಲ ಮಾತೇ "ಖಾತೆ ತೆಗೆದ ತಕ್ಷಣ ಚೆಕ್‌ಬುಕ್ ತರಿಸ್ಕೊಳ್ಳಿ, ಮನೆ ಬಾಡಿಗೆಗೆ ಬೇಕಾಗುತ್ತೆ" ಅಂತ. ನನಗೆ ನಂಬೋಕೇ ಆಗ್ಲಿಲ್ಲ. ಇಲ್ಲಿ ದೇವರಾಜ ಮಾರ್ಕೆಟ್ಟಲ್ಲಿ ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೂ ಕ್ಯೂಆರ್ ಸ್ಕ್ಯಾನ್ ಮಾಡ್ತೀವಿ. ಚೆಕ್ ಅಂದ್ರೆ ನಮ್ಮ ಮಾವನವರ ಬೀರುವಿನಲ್ಲಿರೋ ವಸ್ತು ಅಂದ್ಕೊಂಡಿದ್ದೆ.

ನಮ್ಮ ಬ್ಯಾಂಕಿಂಗೇ ಜಗತ್ತಲ್ಲಿ ಮುಂದು ಅಂತ ಎಲ್ಲರೂ ಹೇಳ್ತಾರಲ್ಲ, ಅದು ಎಷ್ಟು ನಿಜ? ಹೊರಗಡೆ ಇರೋರು ದಿನನಿತ್ಯದ ಅನುಭವ ಹೇಳಿ. ದುಡ್ಡು ಕಳಿಸೋದು, ಖಾತೆ ತೆಗೆಯೋದು, ಕಾರ್ಡು, ಶುಲ್ಕ, ಏನಾದ್ರೂ ಎಡವಟ್ಟಾದ್ರೆ ಯಾರು ಕೇಳ್ತಾರೆ, ಎಲ್ಲಾನೂ. ಅಮೆರಿಕ ಒಂದೇ ಅಲ್ಲ, ಬೇರೆ ದೇಶದವರೂ ಬರೀರಿ.

ಜೆರ್ಸಿ_ಕನ್ನಡಿಗ

ಅಕ್ಕಾ, ಚೆಕ್ ವಿಷಯ ನಿಜ. ದೊಡ್ಡ ಅಪಾರ್ಟ್‌ಮೆಂಟ್ ಕಂಪನಿಗಳು ಆನ್‌ಲೈನಲ್ಲಿ ಬಾಡಿಗೆ ಕಟ್ಟಿಸ್ಕೊಳ್ತವೆ, ಆದ್ರೆ ಒಂದೆರಡು ಮನೆ ಇಟ್ಟುಕೊಂಡಿರೋ ಮಾಲೀಕರು ಇನ್ನೂ ಚೆಕ್ಕೇ ಕೇಳ್ತಾರೆ. ಸಂಬಳ ಖಾತೆಗೆ ಬರೋಕೆ ಕೆಲವು ಕಂಪನಿಗಳು "ವಾಯ್ಡ್" (ರದ್ದು) ಅಂತ ಬರೆದ ಚೆಕ್ ಕೇಳ್ತವೆ, ಅದರಲ್ಲಿರೋ ರೌಟಿಂಗ್ ನಂಬರಿಗಾಗಿ, ಅಂದ್ರೆ ನಮ್ಮ ಐಎಫ್‌ಎಸ್‌ಸಿ ತರದ ಬ್ಯಾಂಕಿನ ಗುರುತು. ಹಾಗಂತ ಬಂದ ಚೆಕ್ ಹಿಡ್ಕೊಂಡು ಬ್ಯಾಂಕಿಗೆ ಹೋಗ್ಬೇಕಾಗಿಲ್ಲ. ಫೋನಲ್ಲಿ ಹಿಂದೆ ಮುಂದೆ ಫೋಟೋ ತೆಗೆದು ಕಳಿಸಿದ್ರೆ ಜಮಾ. ಚೆಕ್ಕಿನ ಚಿತ್ರದಿಂದ ತೆಗೆದ ಪ್ರತಿಗೆ ಮೂಲ ಚೆಕ್ಕಿನ ಮಾನ್ಯತೆ ಕೊಡೋ ಕಾನೂನು ಇಲ್ಲಿ 2004ರಲ್ಲೇ ಜಾರಿಗೆ ಬಂತು.

ದುಡ್ಡು ಕಳಿಸೋಕೆ 2017ರಿಂದ ಝೆಲ್ ಇದೆ. ಎದುರಿನವರ ಫೋನ್ ನಂಬರ್ ಅಥವಾ ಇಮೇಲ್ ಇದ್ರೆ ಸಾಕು, ನಿಮಿಷದಲ್ಲಿ ಹೋಗುತ್ತೆ. ಆದ್ರೆ ಅಂಗಡಿಯಲ್ಲಿ ಅದನ್ನ ನಮ್ಮ ಯುಪಿಐ ತರ ಬಳಸಲ್ಲ, ಅಲ್ಲಿ ಕಾರ್ಡೇ. ಬ್ಯಾಂಕಿಂದ ಬ್ಯಾಂಕಿಗೆ ಮಾಮೂಲಿ ವರ್ಗಾವಣೆ ಎಸಿಎಚ್ ಮೂಲಕ, ಒಂದರಿಂದ ಮೂರು ಕೆಲಸದ ದಿನ. ಅವತ್ತೇ ದೊಡ್ಡ ಮೊತ್ತ ಹೋಗ್ಬೇಕು ಅಂದ್ರೆ ವೈರ್, ಅದಕ್ಕೆ ಸಾಮಾನ್ಯವಾಗಿ 25–30 ಡಾಲರ್. ಇಲ್ಲಿನ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವಿನ ತತ್‌ಕ್ಷಣದ ವ್ಯವಸ್ಥೆ ಫೆಡ್‌ನೌ ಶುರುವಾಗಿದ್ದೇ 2023ರ ಜುಲೈಯಲ್ಲಿ. ಸಾವಿರಾರು ಬ್ಯಾಂಕುಗಳಿರೋ ದೇಶ, ಎಲ್ಲರೂ ಇನ್ನೂ ಸೇರಿಲ್ಲ.

ನಿಮಗೆ ನಿಜವಾದ ತಲೆನೋವು ಕ್ರೆಡಿಟ್ ಹಿಸ್ಟರಿ, ಅಂದ್ರೆ ಸಾಲ ತಗೊಂಡು ತೀರಿಸಿದ ದಾಖಲೆ. ಊರಲ್ಲಿ ಸಿಬಿಲ್ ಸ್ಕೋರ್ ಎಷ್ಟೇ ಚೆನ್ನಾಗಿದ್ರೂ ಇಲ್ಲಿ ನೀವು ಸೊನ್ನೆಯಿಂದ ಶುರು. ಮೊದಲು ಠೇವಣಿ ಇಟ್ಟು ತಗೊಳ್ಳೋ ಸೆಕ್ಯೂರ್ಡ್ ಕಾರ್ಡ್ ಮಾಡಿಸಿ, ತಿಂಗಳು ತಿಂಗಳು ಪೂರ್ತಿ ಕಟ್ಟಿ. ಮನೆ ಬಾಡಿಗೆ, ಕಾರು ಸಾಲ ಎಲ್ಲಕ್ಕೂ ಆ ಸ್ಕೋರ್ ನೋಡ್ತಾರೆ.

ಮಲೆನಾಡಿಗ (ತೀರ್ಥಹಳ್ಳಿ)

ಪ್ರಶ್ನೆಗೆ ಉತ್ತರ ಸಿಕ್ತಲ್ಲ ಮೇಡಂ. ನಮ್ಮದೇ ಮುಂದು. ತಕ್ಷಣ ದುಡ್ಡು ಕಳಿಸೋ ಐಎಂಪಿಎಸ್ ಬಂದಿದ್ದು 2010, ಯುಪಿಐ 2016. ಬ್ಯಾಂಕಿಂದ ಬ್ಯಾಂಕಿಗೆ ಕಳಿಸೋ ನೆಫ್ಟ್ 2019ರ ಡಿಸೆಂಬರಿಂದ, ದೊಡ್ಡ ಮೊತ್ತದ ಆರ್‌ಟಿಜಿಎಸ್ 2020ರ ಡಿಸೆಂಬರಿಂದ ದಿನದ 24 ಗಂಟೆ, ಭಾನುವಾರ ಹಬ್ಬ ಹರಿದಿನಾನೂ ನಡೆಯುತ್ತೆ. ಅದೂ ಆನ್‌ಲೈನಲ್ಲಿ ಸಾಮಾನ್ಯವಾಗಿ ಬಿಟ್ಟಿ. ಅಮೆರಿಕದವರು 30 ಡಾಲರ್ ತೆತ್ತು ಕಳಿಸೋದನ್ನ ನಮ್ಮಲ್ಲಿ ಅಡಿಕೆ ಮಂಡಿಯಲ್ಲಿ ಕೂತು ಒಂದು ರೂಪಾಯಿ ಖರ್ಚಿಲ್ಲದೆ ಮಾಡ್ತೀವಿ.

ಥೇಮ್ಸ್_ತುಂಗಾ (ಲಂಡನ್, ಮೂಲ ಶಿವಮೊಗ್ಗ)

ಮಲೆನಾಡಿಗರೇ, ವೇಗ ಒಂದನ್ನೇ ಅಳತೆಗೋಲು ಮಾಡ್ಕೊಂಡ್ರೆ ಬ್ರಿಟನ್ನಲ್ಲಿ ಫಾಸ್ಟರ್ ಪೇಮೆಂಟ್ಸ್ 2008ರಿಂದ ಇದೆ, ನಮ್ಮ ಐಎಂಪಿಎಸ್‌ಗಿಂತ ಮೊದಲು. ಅದೂ ಸಾಮಾನ್ಯ ಗ್ರಾಹಕರಿಗೆ ಬಿಟ್ಟಿ. ಅಮೆರಿಕವನ್ನೇ ಇಡೀ "ಹೊರಗಿನ ಪ್ರಪಂಚ" ಅಂತ ತಿಳ್ಕೊಂಡ್ರೆ ಹೀಗಾಗುತ್ತೆ.

ಆದ್ರೆ ನಾನು ಕೇಳೋದು ಬೇರೆ. ದುಡ್ಡು ಎಷ್ಟು ಬೇಗ ಹೋಗುತ್ತೆ ಅನ್ನೋದಕ್ಕಿಂತ, ತಪ್ಪಾಗಿ ಹೋದ ದುಡ್ಡು ವಾಪಸ್ ಬರುತ್ತಾ? ನಮ್ಮ ಚಿಕ್ಕಪ್ಪನಿಗೆ ಪೊಲೀಸರ ವೇಷದಲ್ಲಿ ವಿಡಿಯೊ ಕರೆ ಬಂತು, "ಡಿಜಿಟಲ್ ಅರೆಸ್ಟ್" ಅಂತ ಹೆದರಿಸಿದ್ರು. ನಿವೃತ್ತಿ ಹಣದ ದೊಡ್ಡ ಪಾಲು ಹೊರಟೇ ಹೋಯ್ತು. ಬ್ಯಾಂಕಿನವರು "ನೀವೇ ಕಳಿಸಿದ್ದಲ್ವಾ ಸರ್, ನಾವೇನು ಮಾಡೋಕಾಗುತ್ತೆ" ಅಂದು ಕೈ ತೊಳ್ಕೊಂಡ್ರು. ಅದೇ ಇಲ್ಲಿ, 2024ರ ಅಕ್ಟೋಬರ್ 7ರಿಂದ, ದೇಶದೊಳಗೆ ಹೀಗೆ ಮೋಸ ಹೋಗಿ ನೀವೇ ಕಳಿಸಿದ ದುಡ್ಡನ್ನೂ ಬ್ಯಾಂಕು 85,000 ಪೌಂಡ್‌ವರೆಗೆ ತುಂಬಿಕೊಡಲೇಬೇಕು. ಸಾಮಾನ್ಯವಾಗಿ 5 ಕೆಲಸದ ದಿನದೊಳಗೆ. ಕಳಿಸಿದ ಬ್ಯಾಂಕು ಅರ್ಧ, ಪಡೆದ ಬ್ಯಾಂಕು ಅರ್ಧ ಹೊರಬೇಕು.

ಮಲೆನಾಡಿಗ (ತೀರ್ಥಹಳ್ಳಿ)

ನಿಮ್ಮ ಚಿಕ್ಕಪ್ಪನ ವಿಷಯ ಓದಿ ಬೇಜಾರಾಯ್ತು. ಆದ್ರೂ ಕೇಳ್ತೀನಿ: ಪಿನ್ ಹಾಕಿ ಕಳಿಸಿದ್ದು ಗ್ರಾಹಕ, ನಷ್ಟ ಮಾತ್ರ ಬ್ಯಾಂಕು ಯಾಕೆ ಹೊರಬೇಕು? ನಾಳೆ ಇಬ್ಬರು ಮಾತಾಡ್ಕೊಂಡು ಕಳಿಸಿ "ಮೋಸ ಆಯ್ತು" ಅಂದ್ರೆ? ಕೊನೆಗೆ ಆ ಖರ್ಚು ಎಲ್ಲ ಗ್ರಾಹಕರ ತಲೆ ಮೇಲೇ ಬರುತ್ತೆ.

ಥೇಮ್ಸ್_ತುಂಗಾ (ಲಂಡನ್, ಮೂಲ ಶಿವಮೊಗ್ಗ)

ನ್ಯಾಯವಾದ ಪ್ರಶ್ನೆ. ಸುಳ್ಳು ದೂರು ಕೊಟ್ಟವರಿಗೆ, ವಿಪರೀತ ಅಜಾಗರೂಕತೆ ತೋರಿದವರಿಗೆ ಇಲ್ಲೂ ಸಿಗಲ್ಲ. ಮೊದಲ 100 ಪೌಂಡ್‌ವರೆಗೆ ಗ್ರಾಹಕನ ಪಾಲಿಗೇ ಬಿಡೋಕೂ ಅವಕಾಶ ಇದೆ.

ಆದ್ರೆ ಆ ಕಳ್ಳನ ದುಡ್ಡು ಹೋಗಿ ಕೂತಿದ್ದು ಎಲ್ಲಿ? ಇನ್ನೊಂದು ಬ್ಯಾಂಕಿನ ಖಾತೇಲಿ. ಯಾರದೋ ಆಧಾರ್ ಇಟ್ಟುಕೊಂಡು ಬಾಡಿಗೆ ಖಾತೆ ತೆಗೆಯೋಕೆ ಬಿಟ್ಟಿದ್ದು ಆ ಬ್ಯಾಂಕು. ಗಂಟೆಯೊಳಗೆ ಹತ್ತು ಖಾತೆಗೆ ಹಂಚಿ ಎಟಿಎಂನಲ್ಲಿ ತೆಗೆಯೋವರೆಗೂ ಸುಮ್ಮನಿದ್ದಿದ್ದೂ ಅದೇ. ಅರ್ಧ ನಷ್ಟ ಅವರ ಜೇಬಿಂದ ಹೋದ್ರೆ ಖಾತೆ ತೆಗೆಯುವಾಗಲೇ ನಾಲ್ಕು ಸಲ ನೋಡ್ತಾರೆ. ಇದು ದಾನ ಧರ್ಮ ಅಲ್ಲ. ಕಾವಲು ಕಾಯೋಕೆ ಶಕ್ತಿ ಇರೋರ ಮೇಲೆ ಹೊಣೆ ಹೊರಿಸೋದು.

ಪಾಸ್‌ಬುಕ್_ಪ್ರೇಮಿ (ಉಡುಪಿ)

ಮೂವತ್ತಕ್ಕೂ ಹೆಚ್ಚು ವರ್ಷ ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು. ಎರಡೂ ಕಡೆಯವರಿಗೆ ಕೆಲವು ವಿಷಯ ತಿಳಿಸಬೇಕು.

ನಮ್ಮಲ್ಲಿ ಗ್ರಾಹಕನಿಗೆ ಹಕ್ಕೇ ಇಲ್ಲ ಅಂತ ತಿಳಿಯಬೇಡಿ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಇದೆ. ನಿಮ್ಮದೂ ಅಲ್ಲದ, ಬ್ಯಾಂಕಿನದೂ ಅಲ್ಲದ ಲೋಪದಿಂದ ಖಾತೆಯಿಂದ ಹಣ ಹೋದರೆ, ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಿಮ್ಮ ಹೊಣೆ ಸೊನ್ನೆ. ನಾಲ್ಕರಿಂದ ಏಳನೇ ದಿನದೊಳಗೆ ತಿಳಿಸಿದರೆ ಖಾತೆಯ ತರಹ ನೋಡಿ ಮಿತಿಯ ಹೊಣೆ, ಸಾಮಾನ್ಯ ಉಳಿತಾಯ ಖಾತೆಗೆ 10,000 ರೂಪಾಯಿವರೆಗೆ. ದೂರು ಕೊಟ್ಟ 10 ಕೆಲಸದ ದಿನದೊಳಗೆ ಬ್ಯಾಂಕು ಹಣವನ್ನು ಖಾತೆಗೆ ಹಾಕಬೇಕು. ತಪ್ಪು ಗ್ರಾಹಕನದು ಅಂತ ಸಾಬೀತು ಮಾಡುವ ಭಾರವೂ ಬ್ಯಾಂಕಿನ ಮೇಲೆಯೇ. ಆದರೆ ಒಟಿಪಿ, ಪಿನ್ ನೀವೇ ಹೇಳಿದ್ದರೆ, ದೂರು ಕೊಡುವವರೆಗಿನ ನಷ್ಟ ನಿಮ್ಮದೇ. ಥೇಮ್ಸ್ ಅವರ ಚಿಕ್ಕಪ್ಪನಂತಹವರು ಸಿಕ್ಕಿಬೀಳುವುದು ಇಲ್ಲಿಯೇ. ಆ ಒಂದು ಜಾಗದಲ್ಲಿ ಬ್ರಿಟನ್ನಿನ ನಿಯಮ ನಮಗಿಂತ ಮುಂದಿದೆ ಅಂತ ನಾನು ಒಪ್ಪುತ್ತೇನೆ.

ಇನ್ನೊಂದು, ಹೆಚ್ಚಿನವರಿಗೆ ಗೊತ್ತೇ ಇಲ್ಲ. 2019ರ ಸುತ್ತೋಲೆ ಪ್ರಕಾರ ಯುಪಿಐಯಲ್ಲಿ ನಿಮ್ಮ ಹಣ ಕಡಿತವಾಗಿ ಎದುರಿನವರಿಗೆ ಜಮಾ ಆಗದಿದ್ದರೆ ಮಾರನೇ ದಿನದೊಳಗೆ ವಾಪಸ್ ಬರಬೇಕು. ಎಟಿಎಂನಲ್ಲಿ ನೋಟು ಬಾರದೆ ಖಾತೆಯಿಂದ ಕಡಿತವಾದರೆ 5 ದಿನ. ಅಲ್ಲಿಂದ ಮುಂದೆ ತಡವಾದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ, ನೀವು ಕೇಳದೆಯೇ ಕೊಡಬೇಕು. ಕೊಡದಿದ್ದರೆ ಲಿಖಿತ ದೂರು ಕೊಡಿ, 30 ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ದೂರು ವಿಚಾರಣಾಧಿಕಾರಿಯಾದ ಓಂಬುಡ್ಸ್‌ಮನ್‌ಗೆ ಹೋಗಿ. ಖರ್ಚಿಲ್ಲ, ವಕೀಲರೂ ಬೇಡ.

ಕಾವೇರಿ_ತೀರ (ಮೈಸೂರು)

ಸರ್, ದಿನಕ್ಕೆ 100 ರೂಪಾಯಿ ವಿಷಯ ನನಗೆ ಗೊತ್ತೇ ಇರ್ಲಿಲ್ಲ! ಇದನ್ನ ಶಾಖೆಯ ಗೋಡೆ ಮೇಲೆ ದೊಡ್ಡದಾಗಿ ಕನ್ನಡದಲ್ಲಿ ಬರೆದು ಹಾಕ್ಬೇಕು.

ಜೆರ್ಸಿ_ಕನ್ನಡಿಗ

ಸರ್ ಹೇಳಿದ್ದಕ್ಕೆ ಅಮೆರಿಕದ ಲೆಕ್ಕ ಸೇರಿಸ್ತೀನಿ. ಕ್ರೆಡಿಟ್ ಕಾರ್ಡ್ ಯಾರೋ ದುರುಪಯೋಗ ಮಾಡಿದ್ರೆ ಕಾನೂನಿನ ಪ್ರಕಾರ ನಿಮ್ಮ ಹೊಣೆ ಹೆಚ್ಚಂದ್ರೆ 50 ಡಾಲರ್, ಅದನ್ನೂ ಹೆಚ್ಚಿನ ಬ್ಯಾಂಕು ಕೇಳಲ್ಲ. ತಕರಾರು ತೆಗೆದ ಮೊತ್ತವನ್ನ ತನಿಖೆ ಮುಗಿಯೋವರೆಗೆ ಕಟ್ಟಬೇಕಾಗಿಲ್ಲ. ಡೆಬಿಟ್ ಕಾರ್ಡಿಗೆ ಎರಡು ಕೆಲಸದ ದಿನದೊಳಗೆ ಹೇಳಿದ್ರೆ 50 ಡಾಲರ್, ಅದಾದ ಮೇಲೆ ಸ್ಟೇಟ್‌ಮೆಂಟ್ ಬಂದ 60 ದಿನದೊಳಗೆ ಹೇಳಿದ್ರೆ 500ರವರೆಗೆ. ಅದಕ್ಕೇ ಇಲ್ಲಿ ಎಲ್ಲರೂ ಕ್ರೆಡಿಟ್ ಕಾರ್ಡ್ ಉಜ್ಜೋದು. ಅದರಿಂದಾನೇ ಆನ್‌ಲೈನ್ ಖರೀದಿಗೆ ಒಟಿಪಿ ಕೂಡ ಸಾಮಾನ್ಯವಾಗಿ ಕೇಳಲ್ಲ. ಕಾರ್ಡ್ ನಂಬರ್ ಹಾಕಿದ್ರೆ ಮುಗೀತು. ಊರಿಂದ ಬಂದವರಿಗೆ ಎದೆ ಧಸಕ್ ಅನ್ನುತ್ತೆ.

ಆದ್ರೆ ಝೆಲ್‌ನಲ್ಲಿ ನೀವೇ ಮೋಸ ಹೋಗಿ ಕಳಿಸಿದ್ರೆ ಇಲ್ಲೂ ಕಾನೂನಿನ ರಕ್ಷಣೆ ಇಲ್ಲ. ಆ ವಿಷಯದಲ್ಲಿ ನಾವೂ ನೀವೂ ಒಂದೇ ದೋಣಿ.

ಮಲೆನಾಡಿಗ (ತೀರ್ಥಹಳ್ಳಿ)

ಒಟಿಪಿ ಇಲ್ಲದ ಕಾರ್ಡು ನನಗೆ ಬೇಡ ಮಾರಾಯ್ರೆ. ನಮ್ಮಲ್ಲಿ 2009ರಿಂದ ಆನ್‌ಲೈನಿಗೆ ಎರಡನೇ ಹಂತದ ಪರಿಶೀಲನೆ ಕಡ್ಡಾಯ. ಕಳ್ಳತನ ಆದ ಮೇಲೆ ದುಡ್ಡು ಕೊಡೋದಕ್ಕಿಂತ ಬಾಗಿಲಿಗೆ ಬೀಗ ಇರೋದು ಮೇಲಲ್ವಾ?

ರೈನ್_ದಂಡೆ (ಡ್ಯೂಸೆಲ್‌ಡಾರ್ಫ್)

ಜರ್ಮನಿಯಿಂದ ಒಂದಿಷ್ಟು. ಇಲ್ಲಿಗೆ ಓದೋಕೆ ಬರೋ ಮಕ್ಕಳ ಅಪ್ಪ ಅಮ್ಮಂದಿರೂ ಓದ್ಲಿ ಅಂತ ಸ್ವಲ್ಪ ಉದ್ದ ಬರೀತೀನಿ.

ಬರೋಕೆ ಮುಂಚೆಯೇ ಸಾಮಾನ್ಯವಾಗಿ ಬ್ಲಾಕ್ಡ್ ಅಕೌಂಟ್ ಬೇಕು. ವೀಸಾಗೆ ವರ್ಷಕ್ಕೆ 11,904 ಯೂರೋ ತೋರಿಸ್ಬೇಕು, ಬಂದ ಮೇಲೆ ತಿಂಗಳಿಗೆ 992 ಯೂರೋ ಮಾತ್ರ ಕೈಗೆ ಬಿಡ್ತಾರೆ. ಆಮೇಲೆ ದಿನದ ಬಳಕೆಗೆ ಝಿರೋಕೊಂಟೊ ಅನ್ನೋ ಚಾಲ್ತಿ ಖಾತೆ. ನಮ್ಮೂರಲ್ಲಿ ಉಳಿತಾಯ ಖಾತೆಗೆ ಬಡ್ಡಿ ಬರುತ್ತೆ, ಇಲ್ಲಿ ಎಷ್ಟೋ ಬ್ಯಾಂಕಲ್ಲಿ ಆ ಖಾತೆ ಇಟ್ಟುಕೊಂಡಿದ್ದಕ್ಕೆ ನಾವೇ ತಿಂಗಳ ಶುಲ್ಕ ಕಟ್ಬೇಕು. ಬೇರೆ ಬ್ಯಾಂಕಿನ ಎಟಿಎಂನಲ್ಲಿ ತೆಗೆದ್ರೆ ಹಲವು ಯೂರೋ ಹೋಗುತ್ತೆ. ನಗದು ಇನ್ನೂ ಜೋರಾಗಿದೆ. ಬೇಕರಿ, ಸಣ್ಣ ಹೋಟೆಲ್‌ಗಳಲ್ಲಿ "ನಗದು ಮಾತ್ರ" ಬೋರ್ಡ್ ಸಾಮಾನ್ಯ. ಕಾರ್ಡ್ ತಗೊಳ್ಳೋ ಕಡೆ ಕೂಡ ಕೆಲವರು ಇಲ್ಲಿನದೇ ಡೆಬಿಟ್ ಕಾರ್ಡ್ ಆದ ಝಿರೋಕಾರ್ಡ್ ಮಾತ್ರ ತಗೊಳ್ತಾರೆ, ವೀಸಾ ಕಾರ್ಡ್ ಹಿಡಿದ್ರೆ ತಲೆ ಅಲ್ಲಾಡಿಸ್ತಾರೆ.

ಆದ್ರೆ ನನಗೆ ಈ ದೇಶದಲ್ಲಿ ತುಂಬಾ ಇಷ್ಟವಾದದ್ದು ಆಟೊ ಡೆಬಿಟ್. ಕರೆಂಟು, ಫೋನು, ಜಿಮ್ಮು ಯಾರೇ ನನ್ನ ಖಾತೆಯಿಂದ ಹಣ ಎಳ್ಕೊಂಡಿದ್ರೂ 8 ವಾರದೊಳಗೆ ನಾನು ಬ್ಯಾಂಕ್ ಆ್ಯಪಲ್ಲಿ ಒಂದು ಗುಂಡಿ ಒತ್ತಿದ್ರೆ ವಾಪಸ್ ಬರುತ್ತೆ. ಕಾರಣ ಹೇಳ್ಬೇಕಿಲ್ಲ. ಅನುಮತಿಯೇ ಕೊಟ್ಟಿಲ್ಲ ಅಂದ್ರೆ 13 ತಿಂಗಳವರೆಗೆ ಕೇಳ್ಬಹುದು. ಇದು ಯೂರೋ ವಲಯಕ್ಕೆಲ್ಲ ಇರೋ ನಿಯಮ. ಊರಲ್ಲಿ ನಮ್ಮ ತಂದೆ ಒಂದು ವಿಮೆಯ ಆಟೊ ಡೆಬಿಟ್ ನಿಲ್ಲಿಸೋಕೆ ಶಾಖೆಗೆ ಅಲೆದಿದ್ದು ನೋಡಿದವನು ನಾನು. ಹೋದ ಕಂತು ಬರಲೇ ಇಲ್ಲ.

ವೇಗದ ವಿಷಯಕ್ಕೆ ಬಂದ್ರೆ, 2025ರ ಅಕ್ಟೋಬರ್ 9ರಿಂದ ಯೂರೋ ವಲಯದ ಬ್ಯಾಂಕುಗಳು 10 ಸೆಕೆಂಡಿನ ವರ್ಗಾವಣೆ ಕೊಡ್ಲೇಬೇಕು, ಮಾಮೂಲಿ ವರ್ಗಾವಣೆಗಿಂತ ಹೆಚ್ಚು ಶುಲ್ಕ ಹಾಕೋ ಹಾಗಿಲ್ಲ, ಕಳಿಸೋಕೆ ಮುಂಚೆ ಹೆಸರು ಹೊಂದುತ್ತಾ ಅಂತ ತೋರಿಸ್ಬೇಕು.

ಥೇಮ್ಸ್_ತುಂಗಾ (ಲಂಡನ್, ಮೂಲ ಶಿವಮೊಗ್ಗ)

ಹೆಸರು ನೋಡೋ ವ್ಯವಸ್ಥೆ ಇಲ್ಲಿ 2020ರಿಂದ ಇದೆ. ಖಾತೆ ನಂಬರ್ ಒಂದು ಅಂಕಿ ತಪ್ಪಾದ್ರೂ "ಹೆಸರು ಹೊಂದುತ್ತಿಲ್ಲ" ಅಂತ ಎಚ್ಚರಿಸುತ್ತೆ.

ಪಾಸ್‌ಬುಕ್_ಪ್ರೇಮಿ (ಉಡುಪಿ)

ನಮ್ಮಲ್ಲಿ ಯುಪಿಐ ಮೊದಲಿಂದಲೂ ಹೆಸರು ತೋರಿಸುತ್ತದೆ. ನೆಫ್ಟ್, ಆರ್‌ಟಿಜಿಎಸ್‌ಗೂ 2025ರ ಏಪ್ರಿಲ್ 1ರೊಳಗೆ ಹೆಸರು ನೋಡುವ ಸೌಲಭ್ಯ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿತ್ತು. ಬಳಸಿಕೊಳ್ಳಿ, ಅವಸರ ಮಾಡಬೇಡಿ.

ಹುಬ್ಬಳ್ಳಿ_ಅಂಗಡಿ

ನಮಸ್ಕಾರ್ರಿ ಎಲ್ಲಾರಿಗೂ. ನಾ ಕಿರಾಣಿ ಅಂಗಡಿಯಂವ. ನೀವೆಲ್ಲಾ ಗಿರಾಕಿ ಕಡೆಯಿಂದ ಮಾತಾಡಾಕತ್ತೀರಿ, ಅಂಗಡಿಯಂವನ ಕಡೆಯಿಂದ ಸ್ವಲ್ಪ ಕೇಳ್ರಿ.

2020ರ ಜನವರಿಯಿಂದ ಯುಪಿಐಗೆ ನಮ್ಮ ಕಡೆಯಿಂದ ಕಮಿಷನ್ ತಗೊಳ್ಳಂಗಿಲ್ಲ. ಇದು ಭಾಳ ದೊಡ್ಡ ಮಾತು. ನಮ್ಮ ಸೋದರಳಿಯ ಅಮೆರಿಕದಾಗ ಅಂಗಡಿ ಇಟ್ಟಾನ, ಕಾರ್ಡ್ ಉಜ್ಜಿದ್ರ ನೂರಕ್ಕ ಎರಡ್ ಮೂರು ಡಾಲರ್ ಹೊಕ್ಕತಿ ಅಂತಾನ. ಸಕ್ಕರಿ, ಅಕ್ಕಿ ಮಾರೂ ಅಂಗಡ್ಯಾಗ ಲಾಭಾನ ಅಷ್ಟು ಇರಂಗಿಲ್ಲ. ನನಗ ಸೌಂಡ್‌ಬಾಕ್ಸಿನ ತಿಂಗಳ ಬಾಡಿಗಿ ಬಿಟ್ರ ಏನೂ ಇಲ್ಲ.

ಆದ್ರ ಬ್ಯಾರೆ ಭಯ ಐತಿ. 2025ರ ಜುಲೈನ್ಯಾಗ ಬೆಂಗಳೂರಾಗ ಸಣ್ಣ ಸಣ್ಣ ವ್ಯಾಪಾರಿಗಳಿಗೆ ಯುಪಿಐ ಲೆಕ್ಕಾ ಹಿಡದು ಜಿಎಸ್‌ಟಿ ನೋಟಿಸ್ ಬಂದ್ವಲ್ಲ, ಬೇಕರಿ, ಟೀ ಅಂಗಡಿ ಮುಂದ "ನೋ ಯುಪಿಐ, ಓನ್ಲಿ ಕ್ಯಾಶ್" ಅಂತ ಹಾಳಿ ಅಂಟಿಸಿದ್ರು. ಹಾಲು, ಕಾಯಿಪಲ್ಲೆ ಮಾರೂ ಮಂದಿಗೂ ನೋಟಿಸ್ ಅಂದ್ರ ಹೆಂಗ್ರಿ? ಅದಕ್ಕ ತೆರಿಗೀನ ಇಲ್ಲ. ಮ್ಯಾಲ ಮಗಳ ಮದವಿಗೆ ಅಂತ ಬೀಗರು ಹಾಕಿದ ರೊಕ್ಕಾನೂ ಅದ ಖಾತೇಕ ಬಂದಿರತೈತಿ. ಅವತ್ತಿಂದ ನಾ ಅಂಗಡಿ ಖಾತೆ ಬ್ಯಾರೆ, ಮನಿ ಖಾತೆ ಬ್ಯಾರೆ ಮಾಡೇನಿ. ಎಲ್ಲಾ ವ್ಯಾಪಾರಿಗಳೂ ಹಂಗ ಮಾಡ್ರಿ.

ಮಲೆನಾಡಿಗ (ತೀರ್ಥಹಳ್ಳಿ)

ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ವಹಿವಾಟು ದಾಟಿದ್ರೆ ನೋಂದಣಿ ಮಾಡಿಸ್ಬೇಕು. ಅದು ಯುಪಿಐ ಇರಲಿ ನಗದು ಇರಲಿ ಒಂದೇ ಕಾನೂನು. ಯುಪಿಐ ಮೇಲೆ ಸಿಟ್ಟು ತೀರಿಸ್ಕೊಳ್ಳೋದು ಸರಿಯಲ್ಲ ಅಂತ ನನ್ನ ಅಭಿಪ್ರಾಯ.

ಹುಬ್ಬಳ್ಳಿ_ಅಂಗಡಿ

ಕಾನೂನು ಬ್ಯಾಡ ಅಂತ ನಾ ಎಲ್ಲಿ ಅಂದೆ ಅಣ್ಣಾರ? ಮೊದಲ ಬಂದು ತಿಳಿಸಿ ಹೇಳ್ರಿ, ಆಮ್ಯಾಲ ಹಳೇ ವರ್ಷದ ಲೆಕ್ಕಾ ಕೇಳ್ರಿ ಅಂತ ಅಂದೆ.

ಕುಡ್ಲ_ಟು_ದುಬೈ

ಚೆಕ್ ವಿಷಯದಲ್ಲಿ ಅಮೆರಿಕವನ್ನು ಬೈಯುವವರು ದುಬೈಗೆ ಬಂದು ನೋಡಬೇಕು ಮಾರಾಯ್ರೆ. ಇಲ್ಲಿ ವರ್ಷದ ಬಾಡಿಗೆಗೆ ಮುಂದಿನ ತಾರೀಕು ಹಾಕಿದ ಚೆಕ್‌ಗಳನ್ನು ಮೊದಲೇ ಬರೆದು ಕೊಡುವ ಕ್ರಮ ಉಂಟು. ಒಂದು, ಎರಡು, ನಾಲ್ಕು, ಹನ್ನೆರಡು, ಮಾಲೀಕ ಒಪ್ಪಿದಷ್ಟು. ಚೆಕ್ ಕಮ್ಮಿಯಾದಷ್ಟೂ ಬಾಡಿಗೆ ಇಳಿಸಿ ಕೇಳಬಹುದು. ಮೊದಲೆಲ್ಲ ಚೆಕ್ ಬೌನ್ಸ್ ಆದರೆ ಸೀದಾ ಪೊಲೀಸ್ ಕೇಸ್, ಊರಿಗೆ ಹೋಗಲಿಕ್ಕೂ ತಡೆ. 2022ರ ಜನವರಿ 2ರಿಂದ ಖಾತೆಯಲ್ಲಿ ಹಣ ಸಾಲದೆ ಬೌನ್ಸ್ ಆದದ್ದನ್ನು ಅಪರಾಧದ ಪಟ್ಟಿಯಿಂದ ತೆಗೆದರು. ಈಗ ಬ್ಯಾಂಕು ಇದ್ದಷ್ಟು ಹಣ ಕೊಟ್ಟುಬಿಡಬೇಕು, ಬಾಕಿಗೆ ಚೆಕ್ ಹಿಡಿದವ ನೇರ ಕೋರ್ಟಿನ ವಸೂಲಿಗೆ ಹೋಗಬಹುದು. ನಮ್ಮ ಊರಲ್ಲಿ ಸೆಕ್ಷನ್ 138ರ ಪ್ರಕಾರ ಈಗಲೂ ಎರಡು ವರ್ಷದವರೆಗೆ ಜೈಲಿಗೆ ಅವಕಾಶ ಉಂಟಲ್ಲ, ಈ ವಿಷಯದಲ್ಲಿ ದುಬೈ ನಮ್ಮಿಂದ ಮುಂದೆ ಹೋಯಿತು.

ಇಲ್ಲಿ ನನಗೆ ಬೇಸರದ ಸಂಗತಿ ಬೇರೆ. ಕೆಲಸ ಹೋದರೆ ಕೊನೆಯ ಲೆಕ್ಕಾಚಾರದ ಹಣ ಖಾತೆಗೆ ಬೀಳುತ್ತದೆ, ಸಾಲ ಇದ್ದರೆ ಬ್ಯಾಂಕು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ನನ್ನ ರೂಮಿನ ಹುಡುಗನಿಗೆ ಹಾಗೆಯೇ ಆಯಿತು. ಮನೆಗೆ ಕಳುಹಿಸಲಿಕ್ಕೆ ಕೈಯಲ್ಲಿ ಏನೂ ಇರಲಿಲ್ಲ. ಹೊಸದಾಗಿ ಬರುವವರು ಕ್ರೆಡಿಟ್ ಕಾರ್ಡ್, ಸಾಲ ಕೊಡುತ್ತೇವೆಂದು ಫೋನ್ ಬಂದರೆ ಹಾರಬೇಡಿ.

ಒಳ್ಳೆಯದನ್ನೂ ಹೇಳಬೇಕು. 2009ರಿಂದ ಸಂಬಳವನ್ನು ಬ್ಯಾಂಕ್ ಅಥವಾ ಎಕ್ಸ್‌ಚೇಂಜ್ (ಹಣ ವಿನಿಮಯ ಸಂಸ್ಥೆ) ಮೂಲಕವೇ ಕೊಡಬೇಕೆಂಬ ವ್ಯವಸ್ಥೆ ಬಂತು, ಸರಕಾರಕ್ಕೆ ಲೆಕ್ಕ ಸಿಗುತ್ತದೆ. ಲೇಬರ್ ಕ್ಯಾಂಪಿನ ಜನರಿಗೆ ಇದರಿಂದ ದೊಡ್ಡ ಉಪಕಾರ ಆಗಿದೆ.

ಟೋಕಿಯೊ_ತುಮಕೂರು

ಪಾಸ್‌ಬುಕ್_ಪ್ರೇಮಿ ಸರ್ ಹೆಸರು ನೋಡಿ ಬರೀತಿದ್ದೀನಿ. ಜಪಾನಲ್ಲಿ ಪಾಸ್‌ಬುಕ್ ಇನ್ನೂ ಜೀವಂತ. ಎಟಿಎಂ ಒಳಗೆ ತೂರಿಸಿದ್ರೆ ಪುಟ ತಾನೇ ತಿರುಗಿಸಿ ಮುದ್ರಿಸುತ್ತೆ. ಹಾಂಕೊ ಅನ್ನೋ ಮುದ್ರೆ ಕೇಳೋ ಬ್ಯಾಂಕುಗಳೂ ಇವೆ. ಎಟಿಎಂಗೆ ರಾತ್ರಿ, ಭಾನುವಾರ ಹೋದ್ರೆ ಹೆಚ್ಚು ಶುಲ್ಕ. ಬಂದು ಆರು ತಿಂಗಳಾಗದ ವಿದೇಶಿಯರನ್ನ ಹೆಚ್ಚಿನ ಬ್ಯಾಂಕು ಅನಿವಾಸಿ ಅಂತ ಪರಿಗಣಿಸುತ್ತೆ, ಖಾತೆ ಸಿಕ್ರೂ ಸೌಲಭ್ಯ ಕಮ್ಮಿ. ಶಾಖೆಯ ಸೇವೆ ಮಾತ್ರ ಬೇರೆಲ್ಲೂ ನೋಡಿಲ್ಲ. ನನಗೆ ಭಾಷೆ ಬರ್ತಿರಲಿಲ್ಲ, ಸಿಬ್ಬಂದಿ ಪಕ್ಕದಲ್ಲಿ ನಿಂತು ಫಾರಂನ ಒಂದೊಂದು ಸಾಲನ್ನೂ ಬೆರಳಿಟ್ಟು ತೋರಿಸಿ ತುಂಬಿಸಿದ್ರು.

ಕಾವೇರಿ_ತೀರ (ಮೈಸೂರು)

ಇದನ್ನ ಓದಿ ನನಗೆ ಸಂಕಟ ಆಯ್ತು. ನಮ್ಮತ್ತೆಗೆ ಕನ್ನಡ ಬಿಟ್ಟು ಬೇರೆ ಬರಲ್ಲ. ಪಿಂಚಣಿ ಕೇಳೋಕೆ ಶಾಖೆಗೆ ಹೋದ್ರೆ ಕೌಂಟರಲ್ಲಿ ಇರೋರಿಗೆ ಕನ್ನಡ ಬರಲ್ಲ. ಚಲನ್ ಕನ್ನಡದಲ್ಲಿ ಕೇಳಿದ್ರೆ "ಖಾಲಿಯಾಗಿದೆ" ಅಂತಾರೆ. ಪರದೇಶದಲ್ಲಿ ಪರಕೀಯರಿಗೆ ಸಿಗೋ ಮರ್ಯಾದೆ ಮೈಸೂರಲ್ಲಿ ಮೈಸೂರಿನವರಿಗೆ ಸಿಗಬಾರದಾ?

ಪಾಸ್‌ಬುಕ್_ಪ್ರೇಮಿ (ಉಡುಪಿ)

ಮೇಡಂ, ಗ್ರಾಹಕರು ಬಳಸುವ ಫಾರಂಗಳು ಹಿಂದಿ, ಇಂಗ್ಲಿಷ್ ಜೊತೆಗೆ ಆಯಾ ಪ್ರಾದೇಶಿಕ ಭಾಷೆಯಲ್ಲೂ ಇರಬೇಕು ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. "ಖಾಲಿಯಾಗಿದೆ" ಅಂದರೆ ದೂರು ಪುಸ್ತಕ ಕೇಳಿ ಬರೆಯಿರಿ, ನಕಲು ಇಟ್ಟುಕೊಳ್ಳಿ.

ನನಗೂ ಈ ವಿಷಯ ನೋವಿನದು. ಕರಾವಳಿಯ ಬ್ಯಾಂಕುಗಳು ಬೆಳೆದದ್ದೇ ಊರಿನ ಜನರ ಮನೆ ಬಾಗಿಲಿಗೆ ಹೋಗಿ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಶುರು ಮಾಡಿತು. ದಿನಕ್ಕೆ ಎರಡಾಣೆ ಕೊಟ್ಟರೂ ಏಜೆಂಟ್ ಬಂದು ತೆಗೆದುಕೊಂಡು ಹೋಗುತ್ತಿದ್ದ. ಮೀನು ಮಾರುವವರು, ನೇಕಾರರು, ಬೀಡಿ ಕಟ್ಟುವವರು, ಎಲ್ಲರಿಗೂ ಬ್ಯಾಂಕು ಅಂದರೆ ಆ ಏಜೆಂಟನ ಮುಖ. 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಕೆನರಾದೊಳಗೆ ಸೇರಿತು, ಅದೇ ದಿನ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ನಿಗೆ. ಅದಕ್ಕೆ ಮೊದಲು 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, 2019ರಲ್ಲಿ ವಿಜಯಾ ಬ್ಯಾಂಕ್ ಹೋದವು. ಬ್ಯಾಂಕು ದೊಡ್ಡದಾದಷ್ಟೂ ಕೌಂಟರು ಜನರಿಂದ ದೂರವಾಯಿತು ಎಂಬುದು ನಾನು ಒಳಗಿದ್ದು ಕಂಡ ಸತ್ಯ.

ಮಲೆನಾಡಿಗ (ತೀರ್ಥಹಳ್ಳಿ)

ಸರ್ ಮಾತಿಗೆ ಎರಡು ಮಾತಿಲ್ಲ. ಆದ್ರೆ ಜರ್ಮನಿಯಲ್ಲಿ ಜರ್ಮನ್ ಬರದಿದ್ರೆ ಕೌಂಟರಲ್ಲಿ ಯಾರು ಮಾತಾಡಿಸ್ತಾರೆ? ಅಲ್ಲಿ ಯಾರೂ ಅದನ್ನ ತಪ್ಪು ಅನ್ನಲ್ಲ, ಇಲ್ಲಿ ಕನ್ನಡ ಕೇಳಿದ್ರೆ ಜಗಳಗಂಟರು ಅಂತಾರೆ.

ಮೇಲ್ವಿಚಾರಕರು

ಭಾಷೆಯ ವಿಷಯಕ್ಕೆ ಬೇರೆ ಚರ್ಚೆ ತೆರೆಯಲಾಗಿದೆ, ಅಲ್ಲಿ ಮುಂದುವರಿಸಿ. ಕೆಲವು ಬೈಗುಳದ ಉತ್ತರಗಳನ್ನು ತೆಗೆಯಲಾಗಿದೆ.

ಸಿಡ್ನಿ_ಸಾಗರ

ಆಸ್ಟ್ರೇಲಿಯಾದಲ್ಲಿ 2018ರಿಂದ ಪೇಐಡಿ ಇದೆ, ಫೋನ್ ನಂಬರಿಗೇ ದುಡ್ಡು. ಚೆನ್ನಾಗಿದೆ. ನನ್ನ ಪ್ರಶ್ನೆ ಠೇವಣಿ ವಿಮೆ ಬಗ್ಗೆ, ಅಂದ್ರೆ ಬ್ಯಾಂಕು ಮುಳುಗಿದ್ರೆ ಇಟ್ಟ ದುಡ್ಡಿಗೆ ಸಿಗೋ ರಕ್ಷಣೆ. ಇಲ್ಲಿ ಒಂದು ಬ್ಯಾಂಕಿಗೆ ಒಬ್ಬರಿಗೆ ಎರಡೂವರೆ ಲಕ್ಷ ಆಸ್ಟ್ರೇಲಿಯನ್ ಡಾಲರ್ ರಕ್ಷಣೆ. ಅಪ್ಪ ಊರಲ್ಲಿ ಒಂದು ಸೊಸೈಟಿಯಲ್ಲಿ ಜಾಸ್ತಿ ಬಡ್ಡಿ ಅಂತ ಎಫ್‌ಡಿ ಇಟ್ಟಿದ್ದಾರೆ. ಅದಕ್ಕೂ 5 ಲಕ್ಷದ ವಿಮೆ ಇರುತ್ತಲ್ವಾ?

ಪಾಸ್‌ಬುಕ್_ಪ್ರೇಮಿ (ಉಡುಪಿ)

ಇಲ್ಲ! ದಯವಿಟ್ಟು ಇದನ್ನು ಎಲ್ಲರೂ ಓದಿ. 5 ಲಕ್ಷದ ವಿಮೆ ವಾಣಿಜ್ಯ ಬ್ಯಾಂಕು, ಗ್ರಾಮೀಣ ಬ್ಯಾಂಕು, ಸಹಕಾರ ಬ್ಯಾಂಕುಗಳಿಗೆ. ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿ, ಇವುಗಳಿಗೆ ಇಲ್ಲ. ಬೋರ್ಡು ಬ್ಯಾಂಕಿನ ಹಾಗೇ ಕಾಣಬಹುದು, ಕೌಂಟರೂ ಹಾಗೇ ಇರಬಹುದು. ರಿಸರ್ವ್ ಬ್ಯಾಂಕಿನ ಪರವಾನಗಿ ಇದೆಯೇ, ಠೇವಣಿ ವಿಮಾ ನಿಗಮದ ಪಟ್ಟಿಯಲ್ಲಿ ಹೆಸರಿದೆಯೇ ಎಂದು ನೋಡಿ. ನಮ್ಮಲ್ಲಿ ಈ ವಿಮೆ 1962ರಲ್ಲಿ 1,500 ರೂಪಾಯಿಯಿಂದ ಶುರುವಾಯಿತು, 2020ರ ಫೆಬ್ರುವರಿಯಲ್ಲಿ 1 ಲಕ್ಷದಿಂದ 5 ಲಕ್ಷಕ್ಕೆ ಏರಿತು. 2021ರ ತಿದ್ದುಪಡಿಯಿಂದ ಬ್ಯಾಂಕಿಗೆ ನಿರ್ಬಂಧ ಬಿದ್ದರೆ 90 ದಿನದೊಳಗೆ ಆ ಮೊತ್ತ ಸಿಗುತ್ತದೆ. ಅಮೆರಿಕದ ಎರಡೂವರೆ ಲಕ್ಷ ಡಾಲರ್, ಯುರೋಪಿನ ಒಂದು ಲಕ್ಷ ಯೂರೋಗೆ ಹೋಲಿಸಿದರೆ 5 ಲಕ್ಷ ತೀರಾ ಕಡಿಮೆ. ಜೀವಮಾನದ ಗ್ರಾಚ್ಯುಟಿ ಅದರಲ್ಲಿ ಹಿಡಿಸುವುದಿಲ್ಲ.

ಸಿಡ್ನಿ_ಸಾಗರ

ಈಗಲೇ ಅಪ್ಪನಿಗೆ ಫೋನ್ ಮಾಡ್ತೀನಿ ಸರ್.

ಜೆರ್ಸಿ_ಕನ್ನಡಿಗ

ಕಾವೇರಿ ಅಕ್ಕಾ, ಹೊರಡೋ ಮುಂಚೆ ಇವಿಷ್ಟು ಮಾಡಿ. ಅನಿವಾಸಿಯಾದ ಮೇಲೆ ಊರಿನ ಉಳಿತಾಯ ಖಾತೆಯನ್ನ ಹಾಗೇ ಇಟ್ಟುಕೊಳ್ಳೋ ಹಾಗಿಲ್ಲ, ಎನ್‌ಆರ್‌ಒ ಅನ್ನೋ ಅನಿವಾಸಿ ಖಾತೆ ಮಾಡಿಸ್ಬೇಕು. ಇಲ್ಲಿಂದ ದುಡಿದು ಕಳಿಸೋದಕ್ಕೆ ಎನ್‌ಆರ್‌ಇ ತೆರೀರಿ, ಅದರ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ. ಎನ್‌ಆರ್‌ಒ ಬಡ್ಡಿಯಲ್ಲಿ 30% ಮತ್ತು ಸೆಸ್ ಮೊದಲೇ ಮುರ್ಕೊಳ್ತಾರೆ. ಭಾರತದ ಎಲ್ಲ ಖಾತೆ ಸೇರಿ ವರ್ಷದಲ್ಲಿ ಯಾವಾಗಲಾದರೂ 10,000 ಡಾಲರ್ ದಾಟಿದ್ರೆ ಅಮೆರಿಕ ಸರ್ಕಾರಕ್ಕೆ ಎಫ್‌ಬಾರ್ ಅನ್ನೋ ವರದಿ ಕೊಡ್ಬೇಕು, ಬಿಟ್ರೆ ದಂಡ ಜೋರು.

ಮುಖ್ಯವಾಗಿ ಭಾರತದ ಸಿಮ್ ಸಾಯೋಕೆ ಬಿಡ್ಬೇಡಿ. ಒಟಿಪಿ ಎಲ್ಲ ಅದಕ್ಕೇ ಬರೋದು. ರೋಮಿಂಗ್ ಆನ್ ಮಾಡಿಸಿ, ಕಮ್ಮಿ ರೀಚಾರ್ಜ್ ಹಾಕ್ತಾ ಇರಿ. ಅಮೆರಿಕದ ನಂಬರಿಗೂ ಎನ್‌ಆರ್‌ಇ, ಎನ್‌ಆರ್‌ಒ ಖಾತೆ ಜೋಡಿಸಿ ಯುಪಿಐ ಬಳಸೋ ಅವಕಾಶ ಬಂದಿದೆ, ಆದ್ರೆ ನಿಮ್ಮ ಬ್ಯಾಂಕು ಕೊಡುತ್ತಾ ಅಂತ ಮೊದಲೇ ಕೇಳಿ.

ಇಲ್ಲಿ ಬಂದ ಮೇಲೆ ಓವರ್‌ಡ್ರಾಫ್ಟ್ ಬೇಕಾ ಅಂತ ಕೇಳ್ತಾರೆ, "ಬೇಡ" ಅನ್ನಿ. ಬೇಕು ಅಂದ್ರೆ ಖಾತೇಲಿ ದುಡ್ಡಿಲ್ಲದಾಗ ಒಂದು ಕಾಫಿಗೆ ಕಾರ್ಡ್ ಉಜ್ಜಿದ್ರೂ 35 ಡಾಲರ್‌ವರೆಗೆ ಹಾಕೋ ಬ್ಯಾಂಕುಗಳಿವೆ.

ಮಲೆನಾಡಿಗ (ತೀರ್ಥಹಳ್ಳಿ)

ಥೇಮ್ಸ್ ಅವರೇ, ನಿಮ್ಮ ವಾದ ಯೋಚನೆ ಮಾಡ್ತಾ ಇದ್ದೆ. ಪಡೆದ ಬ್ಯಾಂಕಿನ ಮೇಲೆ ಅರ್ಧ ಹೊಣೆ ಹಾಕೋದು ನನಗೂ ಸರಿ ಅನ್ನಿಸ್ತಿದೆ, ಕನಿಷ್ಠ ಆ ಖಾತೆ ಹೊಸದಾಗಿದ್ದು ಇದ್ದಕ್ಕಿದ್ದ ಹಾಗೆ ಲಕ್ಷಗಟ್ಟಲೆ ಬಂದಾಗ. ಕಳಿಸಿದ ಬ್ಯಾಂಕಿನ ವಿಷಯದಲ್ಲಿ ಮಾತ್ರ ನನ್ನ ತಕರಾರು ಹಾಗೇ ಇದೆ.

ಥೇಮ್ಸ್_ತುಂಗಾ (ಲಂಡನ್, ಮೂಲ ಶಿವಮೊಗ್ಗ)

ಎಪ್ಪತ್ತು ದಾಟಿದವರು ಮುರಿಯದ ಎಫ್‌ಡಿಗಳನ್ನ ಒಂದೇ ದಿನ ಮುರಿದು, ಯಾವತ್ತೂ ಕಳಿಸದ ಖಾತೆಗೆ ಕಳಿಸ್ತಿದ್ರೆ ಕಳಿಸೋ ಬ್ಯಾಂಕಿಗೂ ಅನುಮಾನ ಬರ್ಬೇಕಲ್ವಾ? ನಮ್ಮ ಚಿಕ್ಕಪ್ಪ ಶಾಖೆಗೇ ಹೋಗಿ ಆರ್‌ಟಿಜಿಎಸ್ ಫಾರಂ ತುಂಬಿ ಕೊಟ್ಟಿದ್ರು. ಕೌಂಟರಲ್ಲಿ ಒಬ್ಬರೇ ಒಬ್ಬರು "ಯಾಕೆ ಸರ್, ಯಾರಿಗೆ?" ಅಂತ ಕೇಳಿದ್ರೆ ಸಾಕಿತ್ತು. ಯಾರಿಗಾದ್ರೂ ಹೀಗಾದ್ರೆ ತಡ ಮಾಡ್ದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ದುಡ್ಡು ಇನ್ನೂ ಖಾತೆಯಲ್ಲಿದ್ರೆ ತಡೆಹಿಡೀತಾರೆ. ನಮಗೆ ಗೊತ್ತಾಗೋ ಹೊತ್ತಿಗೆ ಎರಡು ದಿನ ಆಗಿತ್ತು.

ಕಾವೇರಿ_ತೀರ (ಮೈಸೂರು)

ಅತ್ತೆ ಒಬ್ಬರೇ ಇಲ್ಲಿರ್ತಾರೆ. ಅವರ ಖಾತೆಗೆ ಏನು ಏರ್ಪಾಡು ಮಾಡಿ ಹೋಗ್ಲಿ ಸರ್? ಜಂಟಿ ಖಾತೆ ಮಾಡ್ಲಾ?

ಪಾಸ್‌ಬುಕ್_ಪ್ರೇಮಿ (ಉಡುಪಿ)

ಅವರ ಪಿಂಚಣಿ ಖಾತೆಯನ್ನು ಅವರ ಹೆಸರಲ್ಲೇ ಬಿಡಿ. ಎಟಿಎಂ ಮತ್ತು ಯುಪಿಐ ಮಿತಿಯನ್ನು ತಿಂಗಳ ಖರ್ಚಿಗೆ ಸಾಕಾಗುವಷ್ಟಕ್ಕೆ ಇಳಿಸಿ, ಉಳಿದದ್ದನ್ನು ಎಫ್‌ಡಿಯಲ್ಲಿಡಿ. ಎಸ್‌ಎಂಎಸ್ ಅವರ ನಂಬರಿಗೇ ಬರಲಿ, ನಿಮಗೆ ಇಮೇಲ್ ಬರುವ ಹಾಗೆ ಮಾಡಿಸಿ. ಎಫ್‌ಡಿ ಮುರಿಯಲು ಅವರೇ ಶಾಖೆಗೆ ಬರಬೇಕು, ಆನ್‌ಲೈನಲ್ಲಿ ಆಗಬಾರದು ಅಂತ ಬರೆದುಕೊಡಬಹುದೇ ಎಂದು ಶಾಖೆಯಲ್ಲಿ ಕೇಳಿ. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ವರವರೆಗೆ ನಾಮಿನಿ ಇಡಬಹುದು, ಯಾರಿಗೆ ಎಷ್ಟು ಪಾಲು ಅಂತಲೂ ಬರೆಯಬಹುದು. ಹೊರಡುವ ಮೊದಲು ಅವರನ್ನು ಕರೆದುಕೊಂಡು ಹೋಗಿ ಆ ಫಾರಂ ತುಂಬಿಸಿ. ಕನ್ನಡದ್ದೇ ಕೇಳಿ.